ಹದಿನೆಂಟು ಅಕ್ಷರ

ಆಳಂದ ನಾಕಾದಲ್ಲಿ ನಮ್ಮ ಅಬ್ಬಾನ ಅಂಗಡಿ.
ಅಂಗಡಿ ಅಂದರೆ ಒಂದು ಬೇವಿನ ಮರ,
ಎರಡು ಶಹಾಬಾದಿ ಪರಸಿ, ಟರ್ಪೆಂಟೈನಿನ ವಾಸನೆ.
ಟಂಟಂಗಳು ಅಲ್ಲಿ ಬೆನ್ನು ತೋರಿಸಿ ನಿಲ್ಲುತ್ತವೆ,
ಸೂಜಿಗೆ ಹೆದರಿದ ಹುಡುಗರ ಹಾಗೆ.

ನಾನು ಸೇಡಂ ರಸ್ತೆಯ ವಿಶ್ವವಿದ್ಯಾಲಯದಲ್ಲಿ
ಎಂ.ಎ. ಇಂಗ್ಲಿಷ್, ಕೊನೆಯ ಸೆಮಿಸ್ಟರ್.
ಮೂರು ಪೇಪರು ಸಾಹಿತ್ಯ,
ನಾಲ್ಕನೆಯದು ಜನಪ್ರಿಯ ಸಂಸ್ಕೃತಿ.
"ಅಂದ್ರ ಏನು ಬೇಟಾ ಅದು?"
"ಸಿನಿಮಾ, ಜಾಹೀರಾತು, ಗಾಡಿ ಹಿಂದ ಬರಿಯೋದು..."
ಬ್ರಷ್ಷು ಒರೆಸುತ್ತ ನಕ್ಕ ಅಬ್ಬಾ:
"ಅದಕ್ಕೂ ಫೀಜು ತಗೋತಾರೇನು?"

ಅಬ್ಬಾನಿಗೆ ಇಂಗ್ಲಿಷು ಓದಲು ಬರುವುದಿಲ್ಲ,
ಬರೆಯಲು ಬರುತ್ತದೆ.
ಎಸ್ಸನ್ನು ಕೆಳಗಿನಿಂದ ಮೇಲಕ್ಕೆ ಎಳೆಯುತ್ತಾನೆ
ಬಾವಿಯಿಂದ ನೀರು ಸೇದಿದಂತೆ.
ಡಬ್ಲ್ಯೂ ಕಾಲು ಚಾಚಿ ಕೂರುವ ಬೀಗರು,
ಐ ಬಡಪಾಯಿ, ಯಾವ ಸಂದಿಯಲ್ಲಾದರೂ ನಿಂತುಕೊಳ್ಳುತ್ತದೆ.
ಉರ್ದು ಬಲದಿಂದ, ಕನ್ನಡ ಎಡದಿಂದ.
ಎರಡೂ ಒಂದೇ ಹಲಗೆಯ ಮೇಲೆ ಬಂದ ದಿನ
ಅವು ಎದುರಾಗುವ ಜಾಗದಲ್ಲಿ
ಬ್ರಷ್ಷು ಕಿವಿಗಿಟ್ಟು ಚಹಾ ಕುಡಿಯುತ್ತಾನೆ.

ಸೆಮಿನಾರಿಗೆಂದು ನಲವತ್ತು ಗಾಡಿಗಳ ಫೋಟೊ ತೆಗೆದೆ.
'ಸಾಲದ ಸೊಸಿ, ಮುಟ್ಟಬ್ಯಾಡ.'
'ನಿನ್ನ ಹಾರ್ನಿಗಿ ನಮ್ಮ ಎಮ್ಮಿನೂ ಹೆದರಲ್ಲ.'
ಮಾತಷ್ಟೇ ಉಳಿಯುವಂತೆ
ಅಂಚು ಕತ್ತರಿಸಿ ನೀಟು ಮಾಡಿದೆ.
ಮೇಡಂ ಕೇಳಿದರು: ಇಲ್ಲಿ ಓದುಗ ಯಾರು,
ಸರಕು ಯಾವುದು, ಅಧಿಕಾರ ಎಲ್ಲಿ ಕೂತಿದೆ?
ಬರೆದವರು ಯಾರು ಅಂತ ಕೇಳಲಿಲ್ಲ.
ನಾನೂ ಹೇಳಲಿಲ್ಲ.
ಉಗುರ ಸಂದಿಯಲ್ಲಿ ಕೆಂಪು ಎನಾಮಲ್ ಇತ್ತು,
ಬೆರಳು ಮಡಚಿ ಕೂತೆ.
ಇಪ್ಪತ್ತಕ್ಕೆ ಹದಿನೇಳು.

ಭೀಮಶಾ ಬಂದದ್ದು ಆ ಶನಿವಾರ.
ಹೊಸ ಟಂಟಂ, ಸೀಟಿನ ಪ್ಲಾಸ್ಟಿಕ್ಕೂ ಹರಿದಿಲ್ಲ.
"ಇಂಗ್ಲಿಷಿನ್ಯಾಗ ಒಂದು ಛಲೋ ಮಾತು ಬೇಕ್ರಿ,
ಮತ್ತ್ಯಾರ ಗಾಡಿ ಮ್ಯಾಲೂ ಇರಬಾರ್ದು."
ಅಬ್ಬಾ ಬ್ರಷ್ಷಿನ ಹಿಂತುದಿಯಿಂದ ನನ್ನ ತೋರಿಸಿದ:
"ಇಕಿ ಅದನ್ನೇ ಓದ್ಲಾಕತ್ತಾಳ."

ಎರಡು ವರ್ಷದ ಕವಿತೆಗಳು ಒಮ್ಮೆಗೇ ಎದ್ದು ನಿಂತವು,
ಮಂಜು, ಹಡಗು, ಹಿಮದಲ್ಲಿ ಅರಳುವ ಹೂ.
ನೆತ್ತಿಯ ಮೇಲೆ ನಲವತ್ಮೂರು ಡಿಗ್ರಿ.
ಅವುಗಳಿಂದ ಕಡ ತಂದು ನಾನೇ ಒಂದು ಸಾಲು ಕಟ್ಟಿದೆ,
ಕಡಲು, ಇರುಳು, ಮರಳಿ ಬರುವ ದಾರಿ.
ಅಬ್ಬಾ ಬೆರಳು ಮಡಚುತ್ತ ಎಣಿಸಿದ.
"ಮೂವತ್ತೊಂದು. ಹಲಗಿ ಹಿಡಿಯೋದು ಹದಿನೆಂಟು.
ನಡುವಿನ ಖಾಲಿ ಜಾಗಾನೂ ಹಿಡಿದು."

ಕಡಲು ತೆಗೆದೆ. ಇಪ್ಪತ್ತೇಳು.
ಇರುಳು ತೆಗೆದೆ. ಇಪ್ಪತ್ತೊಂದು.
ದಾರಿ ಕಿರಿದು ಮಾಡಿದೆ.
ಹದಿನೆಂಟಕ್ಕೆ ಬಂದಾಗ ಅದರಲ್ಲಿ
ಮರಳಿ ಬರಲು ಯಾರೂ ಉಳಿದಿರಲಿಲ್ಲ.

"ಅರ್ಥ ಏನ್ರಿ ಅಕ್ಕೋರ?"
ಹೇಳಿದೆ. ಹೇಳುತ್ತಾ ಹೇಳುತ್ತಾ
ಬೇವಿನ ನೆರಳು ಒಂದು ಗೇಣು ಸರಿಯಿತು.
ಭೀಮಶಾ ಪೂರಾ ಕೇಳಿದ, ಮರ್ಯಾದೆಯಿಂದ.
"ಛಲೋ ಅದ್ರಿ. ಆದ್ರ ಕಮಲಾಪುರದ ಇಳಿಜಾರಿನ್ಯಾಗ
ಹಿಂದಿನವ ಇದನ್ನ ಓದಿ ಬ್ರೇಕ್ ಹಾಕ್ತಾನೇನ್ರಿ?"

ಯಾವ ಪ್ರಶ್ನೆಪತ್ರಿಕೆಯಲ್ಲೂ ಇದು ಬಂದಿರಲಿಲ್ಲ.

ಆಮೇಲೆ ಅವನೇ, ಟೈರಿನ ಕಡೆ ನೋಡುತ್ತ:
"ಹಂಗಾರ ಹೆಣ್ತಿ ಹೆಸರು ಹಾಕ್ರಿ, ಇಂಗ್ಲಿಷಿನ್ಯಾಗೇ.
ಆಕಿಗಿ ಅದು ಓದ್ಲಾಕ ಬರಲ್ಲ.
ಕನ್ನಡದಾಗ ಬರದ್ರ
ನಾಚಿ ಗಾಡಿ ಹತ್ತಲ್ಲಾಕಿ."

ಚಂದಮ್ಮ.
"ಎಮ್ಮು ಎಷ್ಟು?" ಅಂದ ಅಬ್ಬಾ.
"ಎರಡು."
"ಗ್ಯಾರಂಟಿ?"
"ಎಂ.ಎ. ಗ್ಯಾರಂಟಿ."

ಒಂಬತ್ತು ಅಕ್ಷರ. ಉಳಿದ ಒಂಬತ್ತರ ಜಾಗಕ್ಕೆ
ಆಚೆಗೊಂದು ಈಚೆಗೊಂದು ಕೆಂಪು ದಾಸವಾಳ.
ಎಲ್ಲ ಮುಗಿದ ಮೇಲೆ ಅಬ್ಬಾ
ಮೂರು ಕೂದಲಿನ ಸಣ್ಣ ಬ್ರಷ್ಷು ತೆಗೆದ,
ಉಸಿರು ಬಿಗಿಹಿಡಿದು, ಎಡಗಡೆ ಕೆಳಮೂಲೆಯಲ್ಲಿ,
ಇರುವೆ ಸಾಲಿನಷ್ಟು:
ಮಶಾಕ್ ಪೇಂಟರ್, ಆಳಂದ ನಾಕಾ.

ಆ ಮೂಲೆ ನನಗೆ ಗೊತ್ತು.
ನಲವತ್ತು ಸಲ ಕತ್ತರಿಸಿದ್ದೇನೆ.

"ಇದರದು ಫೋಟೊ ಬ್ಯಾಡೇನು?"
"ಬಣ್ಣ ಆರಲಿ ಅಬ್ಬಾ," ಅಂದೆ.
"ಈ ಬಿಸಿಲಿಗೆ ಎಷ್ಟೊತ್ತು," ಅಂದು
ಬ್ರಷ್ಷು ತೊಳೆಯತೊಡಗಿದ.