ಡಿ ಕಾಲಮ್ಮಿನ ಒಂದು

ಹಿಯುಮಾ ದ್ವೀಪದ ಆ ಅಡುಗೆಮನೆಗೆ
ಕೊಂಡಿ ಹಾಕಿಕೊಟ್ಟವನು ನಾನೇ.
ಮೂರು ಶಾಲೆಗೆ ಮೂರು ಹಾಳೆ,
ನಾಲ್ಕನೆಯದು ಅಡುಗೆಯ ಮೈಮುವಿನದು.
ಎಂಟೂ ನಲವತ್ತಕ್ಕೆ ಉರ್ವೆ ಟೀಚರು
ಅಲ್ಲಿ ಹಾಜರಿ ತುಂಬಿದರೆ
ಹದಿಮೂರು ಕಿಲೋಮೀಟರು ಪೈನ್ ಕಾಡು ದಾಟಿ
ಇಲ್ಲಿ ಬ್ರೆಡ್ಡಿನ ಲೆಕ್ಕ ತಾನಾಗಿ ಬದಲಾಗಬೇಕು.
ಒಂದು ಸಮ ಚಿಹ್ನೆ, ಕಡತದ ಹೆಸರು,
ಒಂದು ಉದ್ಗಾರ, ಒಂದು ಮನೆಯ ನಂಬರು.
ಅಷ್ಟೇ.

ಮೈಮು ನಂಬಲಿಲ್ಲ.
"ಅಲ್ಲಿ ಎತ್ತಿಗೆ ಜ್ವರ ಬಂದರೆ
ಇಲ್ಲಿ ಎಮ್ಮೆಗೆ ಬರೆ" ಎಂದು ನಾನು ನಮ್ಮ ಕಡೆಯ ಗಾದೆ
ಅರೆಬರೆ ಎಸ್ಟೋನಿಯನ್ನಿನಲ್ಲಿ ಹೇಳಿದೆ.
"ಎಮ್ಮೆ ಅಂದರೆ?" ಎಂದಳು.
ಬಿಟ್ಟೆ.

ಆಮೇಲೆ ಅವಳೇ ಪಳಗಿದಳು.
ದಿನವೂ ಪರದೆ ಕೇಳುತ್ತದೆ:
ಕೊಂಡಿಗಳನ್ನು ನವೀಕರಿಸಲೇ?
ಹಿಟ್ಟಿನ ಬೆರಳಲ್ಲಿ ಹೌದು ಒತ್ತುತ್ತಾಳೆ.
ನಲವತ್ತೊಂದು ಮೂವತ್ತಾದರೆ ಶೀತಜ್ವರ.
ಇಪ್ಪತ್ತೆಂಟು ಏಳಾದರೆ ಹಿಮ, ಬಸ್ಸು ಹೊರಟಿಲ್ಲ.
ಒಂದು ಸೋಮವಾರ ಎಲ್ಲವೂ ಎರಡೆರಡು ಹೆಚ್ಚಾದಾಗ
"ಸರ್ಕಸ್ಸಿನವರು ಬಂದಿದ್ದಾರೆ" ಎಂದಳಂತೆ, ಬಂದಿದ್ದರು.

ಡಿ ಕಾಲಮ್ಮಿನಲ್ಲಿ ಮಾತ್ರ
ಎರಡು ವರ್ಷ ಒಂದೇ ಒಂದು ಒಂದು.
ಗೋಧಿ ಆಗದ, ರೈ ಆಗದ
ಯಾವುದೋ ಮಗು, ಯಾವುದೋ ಬೆಂಚು.
ಅದಕ್ಕೆಂದೇ ಬೇರೆ ತಗಡಿನ ಅಚ್ಚು, ಬೇರೆ ಚಮಚ,
ತಾತರ್ ಎಂಬ ಬೂದು ಹಿಟ್ಟಿನ ಅಂಗೈಯಗಲದ ರೊಟ್ಟಿ.
ಹೆಣ್ಣೋ ಗಂಡೋ ಕೇಳಲಿಲ್ಲ.
ಕೊಂಡಿಯಲ್ಲಿ ಅಂಕಿ ಬರುತ್ತದೆ,
ಮುಖ ಬರುವುದಿಲ್ಲ.

ಮಾರ್ಚಿನಲ್ಲಿ ಫೋನು, ಕಾರ್ಡ್ಲಾದಿಂದ,
ಲೆಕ್ಕದ ಹೆಲ್ದುರ್.
"ನಿನ್ನ ಕೊಂಡಿ ಕೆಟ್ಟಿದೆ, ಒಂಬತ್ತು ದಿನದಿಂದ
ಒಂದು ಊಟ ಹೆಚ್ಚು ಬರುತ್ತಿದೆ.
ಉಣ್ಣುವವರಿಲ್ಲ, ಬೇಯಿಸಿದ್ದಿದೆ."
ದೋಣಿ ಹಿಡಿದು ಹೋದೆ.

ಪರದೆಯ ಎಲ್ಲ ಚೌಕದಲ್ಲೂ ನನ್ನ ಸಮ ಚಿಹ್ನೆಯ
ಉದ್ದನೆಯ ಬಾಲ ಇದ್ದೇ ಇತ್ತು.
ಡಿ ಐದರ ಮೇಲೆ ಬೆರಳಿಟ್ಟಾಗ
ಬಾಲವಿಲ್ಲ, ಮೂಲವಿಲ್ಲ:
ಬರಿಯ ಒಂದು. ಯಾರೋ ಕೈಯಾರೆ ಒತ್ತಿದ್ದು.
ಆಟಕ್ಕುಂಟು, ಲೆಕ್ಕಕ್ಕಿಲ್ಲ.

ಮೈಮು ಬೆನ್ನು ಹಾಕಿ
ಒಣಗಿದ್ದ ಅಚ್ಚನ್ನೇ ಮತ್ತೆ ಒರೆಸುತ್ತಿದ್ದಳು.
"ಮಂಗಳವಾರ ಸೊನ್ನೆ ಬಂತು.
ಜ್ವರ ಎಂದುಕೊಂಡೆ. ಬುಧವಾರವೂ ಸೊನ್ನೆ.
ಗುರುವಾರ ಕೈ ತಡೆಯಲಿಲ್ಲ."
"ಮಾಡಿದ ರೊಟ್ಟಿ?"
"ತಿಂದೆ. ಇನ್ನೇನು."

ಕೊಂಡಿ ಎಂದರೆ ನಮ್ಮ ಮಾತಿನಲ್ಲಿ
ಸರಪಳಿಯದ್ದೂ ಹೌದು, ಚೇಳಿನದ್ದೂ ಹೌದು.
ಇದನ್ನು ಅವಳಿಗೆ ಹೇಳಲಿಲ್ಲ.
ಎಮ್ಮೆಯ ಅನುಭವ ಆಗಿತ್ತಲ್ಲ.

ಉರ್ವೆಗೆ ಫೋನು ಮಾಡಿದೆ.
ಅಮ್ಮನಿಗೆ ಕೆಲಸ ಸಿಕ್ಕಿದೆ,
ಆ ದಡಕ್ಕೆ ಹೋದರು, ರಷ್ಯಾ ಗಡಿಯ ನಾರ್ವಾಕ್ಕೆ.
ಹೆಸರು ಹೇಳಹೊರಟಳು,
ಮೈಮು ಕೈಯೆತ್ತಿ ತಡೆದಳು.
"ಹೆಸರು ಬೇಡ. ಅಲ್ಲಿನವರಿಗೆ
ಹಿಟ್ಟಿನ ವಿಷಯ ಹೇಳಿದ್ದಾರಾ ಕೇಳು."

ಉರ್ವೆಗೆ ಗೊತ್ತಿರಲಿಲ್ಲ.
ನಾರ್ವಾದ ಹಾಳೆಗೂ ನಮ್ಮ ಹಾಳೆಗೂ
ಯಾವ ಕೊಂಡಿಯೂ ಇಲ್ಲ.
ನನ್ನ ಸಮ ಚಿಹ್ನೆಯ ಕೈ
ಈ ದ್ವೀಪದ ಅಂಚಿಗೇ ನಿಲ್ಲುತ್ತದೆ.

ಕಾಗದ ಬರೆಯುತ್ತೇನೆ ಎಂದಳು ಉರ್ವೆ.
ಬರೆದಳೋ ಇಲ್ಲವೋ.

ಡಿ ಐದಕ್ಕೆ ಸೂತ್ರ ಮತ್ತೆ ಕೂರಿಸಿದೆ.
ಒಂದು ಕಣ್ಣು ಮಿಟುಕಿಸಿ ಸೊನ್ನೆಯಾಯಿತು.
ಕಾರ್ಡ್ಲಾದಲ್ಲಿ ಹೆಲ್ದುರನ ಮೊತ್ತವೂ
ಅದೇ ಕ್ಷಣ ಸರಿಹೋಗಿರಬೇಕು.
ಸಂಬಳ ಕೊಡುವುದು ಅದಕ್ಕೇ.

ಹೊರಡುವಾಗ ಮೈಮು ಕಾಗದದಲ್ಲಿ ಸುತ್ತಿ
ಏನೋ ಜೇಬಿಗೆ ತುರುಕಿದಳು.
ದೋಣಿಯ ಮೇಲ್ಗಡೆ, ಗಾಳಿಗೆ ಬೆನ್ನು ಕೊಟ್ಟು ಬಿಚ್ಚಿದೆ.
ಆ ದಿನದ್ದು. ಇನ್ನೂ ಬೆಚ್ಚಗಿತ್ತು.
ಪುಡಿಪುಡಿ, ತುಸು ಕಹಿ,
ಉಪ್ಪು ಕಮ್ಮಿ.