ಅರ್ಧ ಸುತ್ತು ಹಲ್ಲು

ನಂದಿ ತಪ್ಪಲಿನ ಆಟದ ಮೈದಾನದಿಂದ ಶುಕ್ರವಾರ ಸಂಜೆ
ಭೂಷಣ ಗೋಣಿಚೀಲದಲ್ಲಿ ಐದು ಬಂದೂಕು ತಂದು ಸುರಿದ.
ಪ್ಲಾಸ್ಟಿಕ್ ಗುಂಡಿನವು, ಬ್ಯಾಟರಿಯವು.
ಕುದುರೆ ಒತ್ತಿದರೆ ಒಳಗೆ ಸುಮ್ಮನೆ ಅಗಿಯುವ ಸದ್ದು,
ರಾಗಿಯ ಜೊತೆ ಹರಳು ಬೀಸಿದ ಹಾಗೆ.
"ಭಾನುವಾರಕ್ಕೆ ನಲವತ್ತು ಜನ ಬುಕ್ ಆಗವ್ರೆ ಮುಬೀನಾ,
ಯಾವುದಾದ್ರೂ ಗೇರು ಹಾಕು, ಗಟ್ಟಿ ಇರೋದು."

ಯಾವುದಾದ್ರೂ. ಗಟ್ಟಿ.
ಒಂದೇ ಉಸಿರಲ್ಲಿ ಹೇಗೆ ಬರುತ್ತವೋ ಈ ಎರಡು ಮಾತು.

ಶಿಡ್ಲಘಟ್ಟದಲ್ಲಿ ನಮ್ಮ ಬೀದಿಗೆ ಬೆಂದ ಗೂಡಿನದೇ ವಾಸನೆ.
ಮಾಮು ರೀಲಿಂಗ್ ಮಿಷನ್ನು ಬಿಚ್ಚುತ್ತಿದ್ದ ಬೆಂಚಿನ ಮೇಲೆ
ಎಣ್ಣೆಬಟ್ಟೆ ಹಾಸಿ, ಬಿಚ್ಚಿದೆ.
ಮೂರೇ ಚಕ್ರ. ಮೂರೂ ಒಂದು ಅಂಗೈಯಲ್ಲಿ.
ಮೋಟರಿನ ಮಾತಿಗೆ ಮೊದಲು ಓಗೊಡುವ ಓರೆಹಲ್ಲಿನದು,
ನಡುವೆ ನಿಂತು ಸುದ್ದಿ ದಾಟಿಸುವುದು,
ಕೊನೆಯದಕ್ಕೆ ಅರ್ಧ ಸುತ್ತು ಹಲ್ಲು
ಇನ್ನರ್ಧ ಬೊಚ್ಚುಬಾಯಿ.
ಹಲ್ಲಿನ ಅರ್ಧ ಪಿಸ್ಟನ್ನನ್ನು ಕಚ್ಚಿ ಹಿಂದಕ್ಕೆ ಎಳೆಯುತ್ತದೆ,
ಎಳೆಯುತ್ತದೆ, ಸ್ಪ್ರಿಂಗು ನರಳುವ ತನಕ.
ಬೊಚ್ಚು ಬಂದದ್ದೇ ಬಿಟ್ಟುಬಿಡುತ್ತದೆ.
ಗುಂಡು ಹಾರುವುದು ಆ ಬಿಡುವುದರಲ್ಲಿ.

ಮುರಿದದ್ದು ಮೊದಲ ಹಲ್ಲು. ನಾಲ್ಕು ಬಂದೂಕಿನಲ್ಲೂ ಅದೇ.
ಮುಂದೆ ನಿಂತವನ ಪಾಡು.

ಭೂಷಣ ತರಿಸಿದ ಪೊಟ್ಟಣಗಳು:
ಒಂದು ಚಿನ್ನದ ಬಣ್ಣದ್ದು. ಆಯಸ್ಕಾಂತ ಹಿಡಿದೆ,
ಗುರುತೇ ಸಿಗದ ನೆಂಟರ ಹಾಗೆ ಸುಮ್ಮನಿತ್ತು. ಬರೀ ಸತು.
ಇನ್ನೊಂದಕ್ಕೆ ಅರ ಆಡಿಸಿದೆ, ಬೆಲ್ಲದಂತೆ ಪುಡಿ ಉದುರಿತು.
ಮತ್ತೊಂದು ವೇಗದ್ದಂತೆ, ಸೆಕೆಂಡಿಗೆ ಮೂವತ್ತು ಗುಂಡು;
ಮೋಟರು ಸುಟ್ಟರೆ ನನ್ನನ್ನೇ ತಾನೆ ಕೇಳುವುದು?
ಪಕ್ಕಕ್ಕಿಟ್ಟೆ.
ಕೊನೆಯದು ಕಪ್ಪು, ಮಂಕು, ಸೀತಾಫಲದ ಬೀಜದ ಹಾಗೆ.
ಅರ ಜಾರಿತು. ಕಲ್ಲಿನ ಮೇಲೆ ಬಿಟ್ಟರೆ ಕಿಣ್ ಅಂದಿತು.
ಎರಡು ಸಾವಿರದ ಆರುನೂರು.
ಭೂಷಣನ ಮುಖವೂ ಅದೇ ಬಣ್ಣಕ್ಕೆ ತಿರುಗಿತು.

ಉಕ್ಕು ಒಂದೇ ಸಾಲದು ಅಂತ ಅವನಿಗೆ ಹೇಗೆ ಹೇಳಲಿ.
ಕೂದಲಷ್ಟು ತೆಳು ವಾಷರು, ಒಂದು ಹಾಕಿ, ತಿರುಗಿಸಿ,
ತೆಗೆದು, ಇನ್ನೊಂದು ಹಾಕಿ, ಕಿವಿಗೊಟ್ಟು,
ಚಕ್ರಕ್ಕೆ ಚಕ್ರ ತಾಗಿಯೂ ಉಜ್ಜದ ಹಾಗೆ
ರಾತ್ರಿ ಹತ್ತೂವರೆವರೆಗೆ ಕೂತವಳು ನಾನು.
ಅದಕ್ಕೆ ಬಿಲ್ಲಿನಲ್ಲಿ ಸಾಲಿಲ್ಲ.

"ಪಿಸ್ಟನ್ನೂ ಕಬ್ಬಿಣದ್ದೇ ಹಾಕ್ಬಿಡು, ಒಂದ್ಸಲ ತೀರೋಗ್ಲಿ" ಅಂದ.
ಇಲ್ಲ ಅಂದೆ.

ಮಾಮು ಪ್ರತಿ ಮಿಷನ್ನಿನಲ್ಲೂ
ಒಂದು ಚಕ್ರ ನೈಲಾನಿನದೇ ಇಡುತ್ತಿದ್ದ.
ಮಾಲೀಕರು ಬೈದರು, ಕಳ್ಳ ಅಂದರು,
ಪದೇ ಪದೇ ಕಾಸು ಕೀಳೋ ಉಪಾಯ ಅಂದರು.
ಅಮ್ಮಿಯ ದುಪಟ್ಟಾ ಸಿಕ್ಕಿಕೊಂಡ ಬೆಳಿಗ್ಗೆ
ಟಪ್ ಅಂತ ಮುರಿದದ್ದು ಅದು.
ಮೂವತ್ತು ರೂಪಾಯಿ ಚಕ್ರ.
ಆ ಕೊರಳು ಈಗಲೂ ದಿನಾ ನನ್ನ ಮದುವೆ ಮಾತೆತ್ತುತ್ತದೆ.

ಆಟಿಕೆಯೊಳಗೆ ಯಾರ ಕೊರಳೂ ಇಲ್ಲ, ಗೊತ್ತು.
ಆದರೂ ಕೈಗೆ ಅದೇ ಅಭ್ಯಾಸ.
ಏನಾದರೊಂದು ಮುರಿಯಲೇಬೇಕಾದ ದಿನ
ಇನ್ನೂರರದ್ದು ಮುರಿಯಲಿ.

ಚೀಟಿ ಬರೆದೆ: ಗೇರು, ಕಪ್ಪು, ನಾಲ್ಕು ಸೆಟ್.
ಪಿಸ್ಟನ್, ಪ್ಲಾಸ್ಟಿಕ್. ಒಡೆದರೆ ತನ್ನಿ.
"ಐದನೇದು?"
ಅದರ ಹಲ್ಲೆಲ್ಲ ನೆಟ್ಟಗಿತ್ತು ಕಣಪ್ಪ.
ಬ್ಯಾಟರಿಯ ತಂತಿ ಕಿತ್ತಿತ್ತು, ಅಷ್ಟೆ.
ಬೆಸುಗೆ ಹಾಕಿದೀನಿ. ಅದಕ್ಕೆ ದುಡ್ಡು ಬೇಡ.