ಎಡಗೈ ಜೇಬಿನಲ್ಲಿ

ಮುಹರ್ರಕ್‌ನ ಹಲ್ವಾ ಅಂಗಡಿಗಳ ಹಿಂದಿನ ಓಣಿಗೆ
ಕಾರು ಬರುವುದಿಲ್ಲ. ಹುಡುಗ ತಿರುವಿನಲ್ಲೇ ನಿಲ್ಲಿಸಿ
ಹಿಂದಿನ ಸೀಟಿನ ಬೆಲ್ಟು ಬಿಚ್ಚಿ
ರೇಡಿಯೋ ಎತ್ತಿಕೊಂಡು ಬಂದ,
ತುಂಬಿದ ಪಾಯಸದ ಪಾತ್ರೆಯಂತೆ, ಮೆಲ್ಲಗೆ.

‘ಅಜ್ಜಿಯದು. ಪಾಲಿಶ್ ಮಾಡಿಸಿದೆ, ಬಟ್ಟೆ ಹೊಸದು, ಗಾಜು ಹೊಸದು.
ಸ್ವಿಚ್ಚು ಹಾಕಿ ಇಪ್ಪತ್ತೆಣಿಸುವುದರೊಳಗೆ ಒಳಗೊಂದು ನೀಲಿ ಮಿಂಚು,
ಫ್ಯೂಸು ಹೋಗುತ್ತದೆ. ಎರಡು ವಾಲ್ವು ತಿಂದಿತು ಈಗಾಗಲೇ.’
ಹೆಸರು ಘಾನಿಮ್. ಬ್ಯಾಂಕಿನಲ್ಲಿ ಕೆಲಸ.
ನನ್ನ ಬೋರ್ಡಿನಲ್ಲಿ ಈಗ ಉಳಿದಿರುವುದು ಏಸಿ, ಫ್ರಿಜ್, ವಾಷಿಂಗ್ ಮೆಷೀನು;
ರೇಡಿಯೋ ಅಂತ ಬರೆದಿದ್ದ ಕಡೆ ಬಣ್ಣ ಎದ್ದುಹೋಗಿದೆ.
ಯಾರು ಕಳಿಸಿದರು, ಅಂದೆ.
ಅಜ್ಜಿ, ಅಂದ.

ಹಿಂಬದಿಯ ರಟ್ಟು ಬಿಚ್ಚಿದೆ.
ಟ್ರಾನ್ಸ್‌ಫಾರ್ಮರ್ ಮುಟ್ಟಿ ನೋಡಿದೆ, ಮೂಸಿ ನೋಡಿದೆ:
ಸುಟ್ಟ ಅರಗಿನ ವಾಸನೆಯಿಲ್ಲ. ಪ್ರಾಣ ಇದೆ.
ಡಬ್ಬಿಯಲ್ಲಿದ್ದ ನನ್ನ ಕೊನೆಯ ವಾಲ್ವು ಕೂರಿಸಿ
ಸೀರೀಸ್‌ನಲ್ಲಿ ನೂರು ವಾಟಿನ ಹಳೇ ಬಲ್ಬು ಕಟ್ಟಿ
ಸ್ವಿಚ್ಚು ಒತ್ತಿದೆ.
ಬಲ್ಬು ಝಗ್ಗೆಂದು ಹೊತ್ತಿ
ತಪ್ಪು ಮಾತಾಡಿದವನ ಹಾಗೆ ತಗ್ಗಿತು.
ವಾಲ್ವು ಕಾದ ಮೇಲೆ ಇನ್ನೊಮ್ಮೆ ಹೊತ್ತಿತು,
ಇರಬೇಕಾದ್ದಕ್ಕಿಂತ ಎರಡು ಉಸಿರು ಹೆಚ್ಚು.
ಆ ಎರಡು ಉಸಿರಿನಲ್ಲಿ ಅಡಗಿದ್ದ ಕಳ್ಳ.

ಪೌಲಿ ಮೇಸ್ತ್ರಿ ಕಲಿಸಿದ್ದು: ಇನ್ನೂರೈವತ್ತು ವೋಲ್ಟಿನ ಎದುರು
ಎಡಗೈ ಜೇಬಿನಲ್ಲಿರಲಿ.
ಒಂದು ಕೈಗೆ ಬಂದದ್ದು ಇನ್ನೊಂದಕ್ಕೆ ಹೋಗುವ ದಾರಿಯಲ್ಲಿ
ಎದೆ ಸಿಗುತ್ತದೆ ಮಾರಾಯ.

ಚಾಸಿ ಮಗುಚಿದೆ. ಅಲ್ಲಿತ್ತು,
ನೀಲಿ ಅಂಗಿಯ ದಪ್ಪ ಕೆಪಾಸಿಟರ್. ಇನ್ನೂರಿಪ್ಪತ್ತು ಮೈಕ್ರೋ!
ಐವತ್ತಕ್ಕಿಂತ ಹೆಚ್ಚು ತಾಳಲಾರದ ವಾಲ್ವಿನ ತಲೆಗೆ
ಇಷ್ಟು ದೊಡ್ಡ ಹಸಿವು ಕಟ್ಟಿದ್ದಾನೆ.
ಮೊದಲ ತುತ್ತು ಬಡಿಸುವಾಗಲೇ ಬಡಪಾಯಿ ಸುಸ್ತು.

ಯಾವನಪ್ಪಾ ಈ ಮಹಾಶಯ, ಅಂದೆ.
ಅರಬ್ಬಿಯಲ್ಲಿ ಒಂದು, ತುಳುವಿನಲ್ಲಿ ಎರಡು ಬೈದೆ.
ಟಾರ್ಚು ಹಿಡಿದಿದ್ದ ಮಿಂಟು ಮಿಯಾ ಬಗ್ಗಿ ನೋಡಿ
‘ಬೆಸುಗೆ ಮಾತ್ರ ಚೆಂದ ಉಸ್ತಾದ್’ ಅಂದ.
ಹೌದು. ಬೆಂದ ಸಾಬಕ್ಕಿಯ ಹಾಗೆ, ದುಂಡಗೆ, ಹೊಳಪು.
ಕೆಪಾಸಿಟರಿನ ಮರೆಗೆ, ತಗಡಿನ ಮೇಲೆ, ಪೆನ್ಸಿಲ್ಲಿನಲ್ಲಿ
೧೨-೬-೯೧.
ಬೇರೆ ಯಾವ ಮೆಕ್ಯಾನಿಕ್ಕೂ ಓದಬಾರದೆಂದು ಕನ್ನಡದ ಅಂಕಿ.
ಒಂಬತ್ತರ ಆ ಉದ್ದ ಬಾಲ ನನ್ನದು.

ಮೊಸರನ್ನ ತಿಂದ ಕೋತಿ ನಾನೇ.
ಇಷ್ಟು ಹೊತ್ತು ಮೇಕೆಯ ಬಾಯಿ ಹುಡುಕುತ್ತಿದ್ದೆ.

ಆ ಬೇಸಿಗೆ ಕುವೈತಿನ ಹೊಗೆ ಇಲ್ಲಿಗೂ ಬಂದಿತ್ತು,
ಒಣಹಾಕಿದ ಬನಿಯನ್ನಿನ ಮೇಲೆ ಮಸಿ.
ಬಿಡಿಭಾಗ ಬರುತ್ತಿರಲಿಲ್ಲ; ಸತ್ತ ಟೀವಿಯೊಂದರ ಹೊಟ್ಟೆಯಿಂದ
ಇದನ್ನು ಕಿತ್ತು ಹಾಕಿದ್ದೆ.
ಗುಂಯ್ ಎನ್ನುತ್ತಿದ್ದದ್ದು ಒಂದೇ ಏಟಿಗೆ ಬಾಯಿ ಮುಚ್ಚಿತ್ತು.
ಇಪ್ಪತ್ತಾರರ ಪ್ರಾಯ. ಸಾಂಬಾರಿಗೆ ತೆಂಗಿನಕಾಯಿಯಂತೆ
ಹೆಚ್ಚಾದಷ್ಟೂ ಒಳ್ಳೆಯದು ಅಂದುಕೊಂಡಿದ್ದೆ, ಎಲ್ಲವೂ.
ಬಾಗಿಲ ಸಂದಿಯಿಂದ ಮೂರು ದಿನಾರ್ ಚಾಚಿದ ಕೈ
‘ವಾಸು, ಮತ್ತೆ ಕೆಟ್ಟರೆ?’ ಎಂದಿತ್ತು.
ಕೆಡುವುದಿಲ್ಲ, ಅಂದಿದ್ದೆ. ಆಗ ಅರಬ್ಬಿ ಅಷ್ಟೇ ಬರುತ್ತಿತ್ತು.

ನೀಲಿಯವನ ಚಾರ್ಜು ಇಳಿಸಿ, ಕಾಲು ಕತ್ತರಿಸಿ,
ನಲವತ್ತೇಳರದ್ದೊಂದು ಸಣ್ಣದು ಹಾಕಿದೆ.
ಈಗ ಬಲ್ಬು ಹೊತ್ತಿತು, ತಗ್ಗಿತು; ಹೊತ್ತಿತು, ತಗ್ಗಿತು, ಹೊತ್ತಿಗೆ ಸರಿಯಾಗಿ.
ಡಯಲಿನ ಹಿಂದೆ ಹಳದಿ ಬೆಳಕು ಏರಿತು. ಧೂಳು ಕಾಯುವ ವಾಸನೆ.
ಸ್ಪೀಕರಿನ ತಳದಲ್ಲಿ ತೆಳ್ಳಗೆ ಒಂದು ಗುಂಯ್,
ಕಿವಿ ಇಟ್ಟವರಿಗೆ ಮಾತ್ರ. ಇರಲಿ.
ಅದರ ಮೇಲೆ ಯಾರೋ ಅರಬ್ಬಿಯಲ್ಲಿ ಹವಾಮಾನ ಓದುತ್ತಿದ್ದರು,
ಅಷ್ಟರಲ್ಲಿ ಮಾಡಿನ ಮೇಲೆ ವಿಮಾನವೊಂದು ಇಳಿದು
ಗಾಳಿಯ ವೇಗ ಎಷ್ಟೆಂದು ಕೇಳಿಸಲಿಲ್ಲ.

ಸಂಜೆ ಘಾನಿಮ್ ಬಂದ. ಎಷ್ಟು, ಅಂದ, ಪರ್ಸು ತೆರೆದು.
ನನ್ನ ಎಡಗೈ ಇನ್ನೂ ಜೇಬಿನಲ್ಲೇ ಇತ್ತು.
ಗ್ಯಾರಂಟಿಯಲ್ಲಿದೆ, ಅಂದೆ.
ಯಾವ ಗ್ಯಾರಂಟಿ? ಹುಡುಗ ನಕ್ಕ.
ಅಜ್ಜಿಯನ್ನು ಕೇಳು, ಅಂದೆ.